ಸಾಲ ಮಾಡು, ಪಹಣಿ ಮುಟ್ಟಬೇಡ

ಆವತಿ

ಪವಿತ್ರಾ,

ನಿಮ್ಮಪ್ಪ ನಿನ್ನೆ ಪಹಣಿ, ಮ್ಯುಟೇಶನ್ನು ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಬಂದು ಜಗಲಿ ಮೇಲೆ ಹರಡಿದ. "ಅಣ್ಣ, ಇದನ್ನಿಟ್ಟರೆ ಬ್ಯಾಂಕಿನೋರು ಎಷ್ಟು ಕೊಡ್ತಾರೆ?" ಅಂದ. ನಿನಗೆ ಸೈಬರ್ ಸೆಕ್ಯೂರಿಟಿ ಬಿ.ಇ. ಆಸೆ. ನಿನ್ನ ಸೋದರಮಾವ ವಿಮಾನ ನಿಲ್ದಾಣದ ಕಾರ್ಗೋ ಕಡೆ ಕೆಲಸ ಕೊಡಿಸ್ತೀನಿ, ಮುಂದಿನ ತಿಂಗಳೇ ಸಂಬಳ ಅಂತಾನೆ. ನಡುವೆ ಸಿಕ್ಕಿಕೊಂಡವನು ನಿಮ್ಮಪ್ಪ. ಬ್ಯಾಂಕಿನ ಸಾಲದ ವಿಭಾಗದಲ್ಲಿ ತಲೆ ನರೆಸಿಕೊಂಡವನು ನಾನು, ಲೆಕ್ಕದಿಂದಲೇ ಶುರು ಮಾಡ್ತೀನಿ. ಬೇಜಾರು ಮಾಡ್ಕೋಬೇಡ.

ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ಸಾಲ, ಬಡ್ಡಿ ಶೇ. 10 ಅಂದುಕೊ. ಓದುವಾಗಲೂ ಆಮೇಲೆ ಒಂದು ವರ್ಷವೂ ಕಂತಿಲ್ಲ. ಸಾಲ ಕೇಳಲು ಬಂದವರು ಇಷ್ಟು ಕೇಳಿಸಿಕೊಂಡು ಖುಷಿಯಾಗಿ ಎದ್ದುಬಿಡುತ್ತಿದ್ದರು. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಕಣಮ್ಮ. ಐದನೇ ವರ್ಷದ ಕೊನೆಗೆ ಸರಳ ಬಡ್ಡಿಯೇ 2.8 ಲಕ್ಷ. ಅದು ಅಸಲಿಗೆ ಸೇರಿ 10.8 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 14,000ದ ಮೇಲೆ. ಹೊಸದಾಗಿ ಸೇರಿದವರಿಗೆ ದೊಡ್ಡ ಐಟಿ ಕಂಪನಿಗಳು ಕೊಡುವ ಸಂಬಳ ಎಷ್ಟೋ ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಕಡಿತವೆಲ್ಲ ಹೋಗಿ ಕೈಗೆ 25,000 ಬಂದರೆ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೇ. ಮಾನ್ಯತಾ ಟೆಕ್ ಪಾರ್ಕಿನ ಹತ್ತಿರ ಪಿಜಿ ಹಿಡಿದೆಯೋ, ಉಳಿದದ್ದೂ ಹೋಯಿತು.

ಇದೇ ಸಾಲಕ್ಕೆ ಓದುವಾಗಲೂ ಆಮೇಲಿನ ಒಂದು ವರ್ಷವೂ ಬಡ್ಡಿ ಕಟ್ಟಿಕೊಂಡು ಬಂದರೆ ಕಂತು 10,600ರ ಹತ್ತಿರಕ್ಕೆ ಇಳಿಯುತ್ತದೆ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 1,700, ಕೊನೆಯ ವರ್ಷ 6,700. ಮೊದಲೆರಡು ವರ್ಷದ್ದನ್ನು ನಿಮ್ಮಮ್ಮನ ಡೇರಿ ಬಟವಾಡೆಯಲ್ಲೇ ತೂಗಿಸಬಹುದು. ಹೀಗೆ ಕಟ್ಟುವವರಿಗೆ ಬಡ್ಡಿದರದಲ್ಲೂ ಶೇ. 1ರವರೆಗೆ ಬಿಡುವ ಬ್ಯಾಂಕುಗಳಿವೆ, ಬಾಯಿಬಿಟ್ಟು ಕೇಳಬೇಕು.

ಇನ್ನು ಪಹಣಿಯ ಮಾತು. ಸಾಮಾನ್ಯವಾಗಿ 7.5 ಲಕ್ಷದವರೆಗೆ ಬ್ಯಾಂಕು ಆಸ್ತಿ ಅಡಮಾನ ಕೇಳುವುದಿಲ್ಲ, ಅದು ದಾಟಿದರೆ ಕೇಳುತ್ತದೆ. ಅಂದರೆ ನಿನ್ನ 8 ಲಕ್ಷದಲ್ಲಿ ಕೊನೆಯ 50 ಸಾವಿರಕ್ಕಾಗಿ ಹೊಲ ಅಡ ಬೀಳುತ್ತದೆ. ನಮ್ಮ ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣ ಹೋಬಳಿಯವರು ಹೊಲ ಉಳಿಸಿಕೊಳ್ಳಲು ಮೂರು ವರ್ಷ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಭೂಸ್ವಾಧೀನ ಕೈಬಿಡುವಂತೆ ಮಾಡಿದ್ದನ್ನು ನೀನೇ ನೋಡಿದ್ದೀಯ. ನಾವು 50 ಸಾವಿರಕ್ಕೆ ಪಹಣಿಯ 11ನೇ ಕಾಲಂನಲ್ಲಿ ಋಣ ಬರೆಸಿಕೊಳ್ಳುವುದೇ? ಆ 50 ಸಾವಿರ ನನ್ನ ಪೆನ್ಷನ್ನಿನಲ್ಲಿ ಹೊಂದಿಸ್ತೀನಿ, ನಿಮ್ಮಪ್ಪನಿಗೂ ಹೇಳಿದ್ದೀನಿ.

ಮಾವನ ಮಾತನ್ನೂ ಹಗುರವಾಗಿ ತಗೋಬೇಡ. ತಿಂಗಳಿಗೆ 18,000 ಅಂದರೂ ನಾಲ್ಕು ವರ್ಷಕ್ಕೆ 8.6 ಲಕ್ಷ ದುಡಿಮೆ. ಓದಿಗೆ ಕೂತರೆ ಅದೂ ಇಲ್ಲ, ಮೇಲೆ ಸಾಲ. ಆದರೂ ನನ್ನ ಓಟು ಓದಿಗೇ. ಆ ಕೆಲಸ ನಾಲ್ಕು ವರ್ಷ ಬಿಟ್ಟು ಹೋದರೂ ಸಿಗಬಹುದು. ನಾಲ್ಕು ವರ್ಷ ಸಂಬಳ ಎಣಿಸಿದವರು ತಿರುಗಿ ಕ್ಲಾಸಿಗೆ ಹೋಗಿ ಕೂತದ್ದನ್ನು ನಾನು ಕಂಡದ್ದು ಕಡಿಮೆ.

ಆದರೆ ಎಂಥ ಓದು? ಸಿಇಟಿಯಲ್ಲಿ ಸೀಟು ಬಂದರೆ ಧೈರ್ಯವಾಗಿ ಸಾಲ ಮಾಡು. ರಾಜ್ಯ ಸರ್ಕಾರದ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲಕ್ಕೆ ಬಡ್ಡಿ ಶೇ. 2 ಮಾತ್ರ, ಮೊದಲು ಅದಕ್ಕೆ ಅರ್ಜಿ ಹಾಕು. ಮ್ಯಾನೇಜ್‌ಮೆಂಟ್ ಸೀಟಾದರೆ ಬೇಡ, ಸರ್ಕಾರಿ ಕಾಲೇಜಿನ ಬಿಸಿಎ ಸೇರು. ಸೈಬರ್ ಸೆಕ್ಯೂರಿಟಿ ಅಂತ ಬೋರ್ಡು ಇರುವ ಬ್ರಾಂಚೇ ಆಗಬೇಕೆಂಬ ಹಟವೂ ಬೇಡ. ಈ ಕಸುಬಿನ ಮೊದಲ ಮೆಟ್ಟಿಲು ಶಿಫ್ಟಿನಲ್ಲಿ ಕೂತು, ರಾತ್ರಿ ಎರಡು ಗಂಟೆಗೆ ಎಲ್ಲಿಂದಲೋ ಬಂದ ಲಾಗಿನ್ ಅಸಲಿಯೋ ಕಳ್ಳನದೋ ಎಂದು ನೋಡುವ ಕೆಲಸ. ಅಲ್ಲಿ ನೆಟ್‌ವರ್ಕ್, ಲಿನಕ್ಸ್, ಲಾಗ್ ಓದುವುದು ಬರುತ್ತದಾ ಎಂದು ಕೇಳುತ್ತಾರೆ. ಎನ್‌ಪಿಟಿಇಎಲ್ ಪಾಠಗಳನ್ನು ನೋಡಲು ದುಡ್ಡಿಲ್ಲ, ಪರೀಕ್ಷೆಗಷ್ಟೇ ಶುಲ್ಕ.

ನಮ್ಮ ಆವತಿಯ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದು ಎದ್ದದ್ದು ಹೈದರಾಲಿ ಕಾಲಕ್ಕೆ. ಸಿಇಟಿ ಸೀಟು ಸಿಗದಿದ್ದರೆ ನೀನೂ ಹಾಗೇ ಮೊದಲು ಬಿಸಿಎ ಮುಗಿಸಿ, ಆಮೇಲೆ ದುಡಿಯುತ್ತಾ ಸ್ವಂತ ದುಡ್ಡಲ್ಲಿ ಎಂಸಿಎ ಮಾಡು, ಇನ್ನೂರು ಚಿಲ್ಲರೆ ವರ್ಷ ಕಾಯಬೇಕಿಲ್ಲ.

ಈಗಲೇ ಆಗಬೇಕಾದ್ದು: ನಾಡಕಚೇರಿಯಲ್ಲಿ ವರಮಾನ ಪ್ರಮಾಣಪತ್ರಕ್ಕೆ ಹಾಕಿಸು. ಕುಟುಂಬದ ವರಮಾನ 4.5 ಲಕ್ಷದ ಒಳಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಅದು ದಕ್ಕಿದರೆ ಮೇಲೆ ಬರೆದ 2.8 ಲಕ್ಷದಲ್ಲಿ ಬಹುಪಾಲು ಹಾಗೇ ಹೋಗುತ್ತದೆ. ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಬೇಕು, ಸಿಇಟಿ ಆಪ್ಷನ್ ಎಂಟ್ರಿ ಮಾಡುವ ಮುಂಚೆ ನೋಡಿಕೊ. ಕಾಲೇಜುಗಳ ಪಟ್ಟಿ ನನಗೂ ಕಳಿಸು, ಕನ್ನಡಕ ಹಾಕಿಕೊಂಡು ಕೂತಿರ್ತೀನಿ.

ಇಂತಿ,
ನಿನ್ನ ದೊಡ್ಡಪ್ಪ