18ನೇ ಸೋಲ್: ಸ್ಪಿರಿಟ್ ರೋವರ್ ರೀಬೂಟ್ ಲೂಪ್‌ಗೆ ಬಿದ್ದ ಕಥೆ

ಲ್ಯಾಪ್‌ಟಾಪ್ ಹ್ಯಾಂಗ್ ಆದ್ರೆ ನಾವೇನು ಮಾಡ್ತೀವಿ? ಪವರ್ ಬಟನ್ ಒತ್ತಿ ಹಿಡೀತೀವಿ. ಆದರೆ ಆ ಕಂಪ್ಯೂಟರ್ ಮಂಗಳ ಗ್ರಹದ ಮೇಲೆ ಇದ್ದರೆ? ಬಟನ್ ಒತ್ತೋಕೆ ಅಲ್ಲಿ ಯಾರೂ ಇಲ್ಲ. 2004ರಲ್ಲಿ ನಾಸಾದ ಸ್ಪಿರಿಟ್ ರೋವರ್‌ಗೆ ಆಗಿದ್ದು ಇದೇ. ಇದರಲ್ಲಿ ನಮ್ಮ ಸಿ ಪ್ರೋಗ್ರಾಮಿಂಗ್ ಮತ್ತು ಆಪರೇಟಿಂಗ್ ಸಿಸ್ಟಮ್ಸ್ ಎರಡೂ ಸಬ್ಜೆಕ್ಟ್‌ಗಳ ಪಾಠ ಇದೆ.

ಮೊದಲು ಸ್ವಲ್ಪ ಹಿನ್ನೆಲೆ

ಸ್ಪಿರಿಟ್ 2004ರ ಜನವರಿ 4ರಂದು ಮಂಗಳದ ಗುಸೆವ್ ಕುಳಿಯಲ್ಲಿ ಇಳಿಯಿತು. ಆರು ಚಕ್ರ, ಸೋಲಾರ್ ಪ್ಯಾನೆಲ್, ಕಲ್ಲುಗಳನ್ನು ಪರೀಕ್ಷಿಸಲು ಒಂದು ತೋಳು. ಕೆಲಸ ಮಾಡಬೇಕಾಗಿದ್ದು 90 ಸೋಲ್. ಸೋಲ್ ಅಂದರೆ ಮಂಗಳದ ಒಂದು ದಿನ, ಸುಮಾರು 24 ಗಂಟೆ 39 ನಿಮಿಷ. ಕನ್ನಡದ ಸೋಲಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ 18ನೇ ಸೋಲ್ ನಿಜಕ್ಕೂ ಸೋಲಿನ ಹತ್ತಿರ ಹೋಗಿತ್ತು.

ಅದರ ಪ್ರೊಸೆಸರ್ ರ‍್ಯಾಡ್6000, ವೇಗ ಬರೀ 20 ಮೆಗಾಹರ್ಟ್ಸ್. ರ‍್ಯಾಮ್ 128 ಎಂಬಿ, ಫ್ಲ್ಯಾಶ್ ಮೆಮೊರಿ 256 ಎಂಬಿ. ಈಗಿನ ಫೋನ್ ಮುಂದೆ ಇದು ಏನೂ ಅಲ್ಲ ಅನ್ಸುತ್ತೆ. ಆದರೆ ಬಾಹ್ಯಾಕಾಶದ ವಿಕಿರಣವನ್ನು ತಡೆದುಕೊಳ್ಳೋದು ಅಲ್ಲಿ ವೇಗಕ್ಕಿಂತ ಮುಖ್ಯ. ರಾತ್ರಿ ವಿದ್ಯುತ್ ಉಳಿಸಲು ರೋವರ್ ಮಲಗುತ್ತೆ, ಆಗ ರ‍್ಯಾಮ್‌ನಲ್ಲಿ ಇದ್ದದ್ದು ಹೋಗಿಬಿಡುತ್ತೆ. ಹಾಗಾಗಿ ಫೋಟೋ, ಡೇಟಾ ಎಲ್ಲವನ್ನೂ ಫ್ಲ್ಯಾಶ್‌ನಲ್ಲಿ ಫೈಲ್‌ಗಳಾಗಿ ಇಡಬೇಕು.

ಏನಾಯ್ತು?

ಜನವರಿ 21, 18ನೇ ಸೋಲ್. ಸ್ಪಿರಿಟ್ ಆಗ ಅಡಿರಾಂಡಾಕ್ ಅಂತ ಹೆಸರಿಟ್ಟಿದ್ದ ಒಂದು ಕಲ್ಲಿನ ಎದುರು ನಿಂತಿತ್ತು. ಸಂಪರ್ಕ ತಪ್ಪಿಹೋಯಿತು. ಆ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಆಂಟೆನಾ ಕೇಂದ್ರದ ಮೇಲೆ ಗುಡುಗು ಮಳೆ. ಸರಿ, ಮಳೆಯಿಂದ ಹೀಗಾಗಿದೆ ಅಂದುಕೊಂಡರು. ಆದರೆ ಮಳೆ ನಿಂತ ಮೇಲೂ ರೋವರ್‌ನಿಂದ ಸರಿಯಾದ ಡೇಟಾ ಬರಲಿಲ್ಲ.

ಎರಡು ದಿನದ ನಂತರ ಸೆಕೆಂಡಿಗೆ 10 ಬಿಟ್ ವೇಗದಲ್ಲಿ, ಆಮೇಲೆ 120 ಬಿಟ್ ವೇಗದಲ್ಲಿ ಸ್ವಲ್ಪ ಮಾಹಿತಿ ಸಿಕ್ಕಿತು. ಅದರಲ್ಲಿ ಗೊತ್ತಾಗಿದ್ದು: ಕಂಪ್ಯೂಟರ್ ತನ್ನನ್ನು ತಾನೇ ಮತ್ತೆ ಮತ್ತೆ ರೀಬೂಟ್ ಮಾಡಿಕೊಳ್ಳುತ್ತಿದೆ. ಒಂದೆರಡಲ್ಲ, 60ಕ್ಕೂ ಹೆಚ್ಚು ಸಲ. ಇದಕ್ಕಿಂತ ಅಪಾಯ ಅಂದರೆ, ಅದು ರಾತ್ರಿ ಮಲಗುತ್ತಲೇ ಇರಲಿಲ್ಲ. ಬ್ಯಾಟರಿ ಇಳಿಯುತ್ತಿತ್ತು. ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲು ಕಾರಣ ಹುಡುಕಬೇಕಿತ್ತು.

ಕಾರಣ: ತುಂಬಿದ್ದು ಡಿಸ್ಕ್ ಅಲ್ಲ, ಪಟ್ಟಿ

ರೋವರ್‌ನ ಆಪರೇಟಿಂಗ್ ಸಿಸ್ಟಮ್ ವಿಎಕ್ಸ್‌ವರ್ಕ್ಸ್. ಫ್ಲ್ಯಾಶ್‌ಗೆ ಬಳಸಿದ್ದು ಡಾಸ್ ಮಾದರಿಯ ಫೈಲ್ ಸಿಸ್ಟಮ್. ಹಳೇ ಪೆನ್‌ಡ್ರೈವ್‌ಗಳಲ್ಲಿ ಇರೋ ಫ್ಯಾಟ್ ಇದೆಯಲ್ಲ, ಅದೇ ಜಾತಿ.

ಇದನ್ನು ಲೈಬ್ರರಿ ರಿಜಿಸ್ಟರ್‌ಗೆ ಹೋಲಿಸಿ ನೋಡೋಣ. ಹೊಸ ಪುಸ್ತಕ ಬಂದಾಗ ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೀತಾರೆ. ಪುಸ್ತಕ ಹೋದಾಗ ಆ ಸಾಲಿನ ಮೇಲೆ ಗೆರೆ ಎಳೀತಾರೆ, ಆದರೆ ಪುಟ ಹರಿಯಲ್ಲ. ಫ್ಯಾಟ್‌ನಲ್ಲೂ ಹಾಗೇ. ಫೈಲ್ ಡಿಲೀಟ್ ಮಾಡಿದರೆ ಡೈರೆಕ್ಟರಿಯಲ್ಲಿ ಅದರ ಹೆಸರಿನ ಮೊದಲ ಬೈಟ್ ಬದಲಾಯಿಸಿ "ಇದು ಹೋಯ್ತು" ಅಂತ ಗುರುತು ಹಾಕುತ್ತೆ. ಆ ಜಾಗಕ್ಕೆ ಬೇರೆ ಫೈಲಿನ ಹೆಸರು ಬರಬಹುದು, ಆದರೆ ಡೈರೆಕ್ಟರಿಯ ಗಾತ್ರ ಮಾತ್ರ ಕಡಿಮೆ ಆಗಲ್ಲ.

ಭೂಮಿಯಿಂದ ಮಂಗಳಕ್ಕೆ ಹೋಗುವ ಸುಮಾರು ಏಳು ತಿಂಗಳ ಪ್ರಯಾಣದಲ್ಲೇ ಎಷ್ಟೋ ಫೈಲ್‌ಗಳು ಸೇರಿದ್ದವು. ಇಳಿದ ಮೇಲೆ ಇನ್ನೂ ಸಾವಿರಾರು ಸೇರಿದವು. ಫ್ಲ್ಯಾಶ್ ಬಳಸಬೇಕಾದರೆ ಈ ಇಡೀ ರಿಜಿಸ್ಟರ್‌ನ ಪ್ರತಿ ರ‍್ಯಾಮ್‌ನಲ್ಲಿ ಇರಬೇಕಿತ್ತು. ರಿಜಿಸ್ಟರ್ ದಪ್ಪ ಆಗ್ತಾ ಹೋಯ್ತು, ಅದನ್ನಿಡೋ ಟೇಬಲ್ ಅಷ್ಟೇ ಉಳಿಯಿತು.

ಇದರ ಜೊತೆ ಎರಡು ಕಾನ್ಫಿಗರೇಶನ್ ತಪ್ಪುಗಳು ಸೇರಿದವು. ಒಂದು, ಫೈಲ್ ಸಿಸ್ಟಮ್ ಎಷ್ಟು ಬೇಕಾದರೂ ಸಿಸ್ಟಮ್ ಮೆಮೊರಿ ತಗೋಬಹುದು, ಮಿತಿ ಇಲ್ಲ. ಎರಡು, ಮೆಮೊರಿ ಸಿಗದಿದ್ದರೆ "ಇಲ್ಲ" ಅಂತ ಎರರ್ ಹೇಳುವ ಬದಲು, ಕೇಳಿದ ಟಾಸ್ಕ್ ಅನ್ನೇ ನಿಲ್ಲಿಸಿಬಿಡುವ ಸೆಟ್ಟಿಂಗ್. ಮುಖ್ಯ ಟಾಸ್ಕ್ ನಿಂತರೆ ಏನೋ ಕೆಟ್ಟಿದೆ ಅಂತ ಸಿಸ್ಟಮ್ ರೀಬೂಟ್ ಮಾಡುತ್ತೆ. ರೀಬೂಟ್ ಆದ ಕೂಡಲೇ ಮತ್ತೆ ಫ್ಲ್ಯಾಶ್ ಮೌಂಟ್ ಮಾಡಲು ಹೋಗುತ್ತೆ, ಮತ್ತೆ ಮೆಮೊರಿ ಸಾಲಲ್ಲ, ಮತ್ತೆ ರೀಬೂಟ್. ಸಾಮಾನ್ಯವಾಗಿ ತೊಂದರೆ ಸರಿಮಾಡೋ ರೀಬೂಟೇ ಇಲ್ಲಿ ತೊಂದರೆಯ ಭಾಗವಾಗಿಬಿಟ್ಟಿತ್ತು.

ಹೇಗೆ ಉಳಿಸಿದರು?

ಆಗ ಮಂಗಳಕ್ಕೆ ಸಿಗ್ನಲ್ ಮುಟ್ಟಲು ಒಂದು ಕಡೆಗೇ ಸುಮಾರು 10 ನಿಮಿಷ. ಕೀಬೋರ್ಡ್ ಒತ್ತಿ ಸ್ಕ್ರೀನ್ ನೋಡುವ ತರಹದ ಡಿಬಗ್ಗಿಂಗ್ ಸಾಧ್ಯವೇ ಇಲ್ಲ. ಆದರೆ ಸಾಫ್ಟ್‌ವೇರ್ ಬರೆದವರು ಒಂದು ದಾರಿ ಬಿಟ್ಟಿದ್ದರು. ಫ್ಲ್ಯಾಶ್ ಮುಟ್ಟದೆ, ಬರೀ ರ‍್ಯಾಮ್ ಬಳಸಿ ಬೂಟ್ ಆಗು ಅಂತ ಹೇಳುವ ಒಂದು ಕಮಾಂಡ್ ಇತ್ತು. ರೀಬೂಟ್‌ಗಳ ನಡುವಿನ ಸ್ವಲ್ಪ ಹೊತ್ತಿನಲ್ಲೇ ಅದನ್ನು ಕಳಿಸಿದರು. ಸ್ಪಿರಿಟ್ ಶಾಂತವಾಯಿತು, ಮಾತು ಕೇಳಿತು, ರಾತ್ರಿ ಮಲಗಿತು.

ತೊಂದರೆ ಎಲ್ಲಿದೆ ಅನ್ನೋದೂ ಇದರಿಂದ ಖಚಿತವಾಯಿತು. ನಂತರ ಹಳೇ ಫೈಲ್‌ಗಳನ್ನು ಅಳಿಸಿದರು, ಫೆಬ್ರವರಿಯಲ್ಲಿ ಫ್ಲ್ಯಾಶ್ ಅನ್ನು ರೀಫಾರ್ಮ್ಯಾಟ್ ಮಾಡಿದರು. ಅಡಿರಾಂಡಾಕ್ ಕಲ್ಲಿನ ಕೆಲಸ ಮುಂದುವರಿಯಿತು. ಅದರ ಮೇಲ್ಪದರವನ್ನು ಉಜ್ಜಿ ಒಳಗೆ ನೋಡಿದರು. ಮಂಗಳದಲ್ಲಿ ಯಾವುದೇ ಕಲ್ಲನ್ನು ಹಾಗೆ ಉಜ್ಜಿದ್ದು ಅದೇ ಮೊದಲು. ಈ ಗಲಾಟೆಯ ಮಧ್ಯೆಯೇ, ಜನವರಿ 25ರಂದು, ಅವಳಿ ರೋವರ್ ಆಪರ್ಚುನಿಟಿ ಗ್ರಹದ ಇನ್ನೊಂದು ಬದಿಯಲ್ಲಿ ಇಳಿದಿತ್ತು. ಅದರಲ್ಲೂ ಇದ್ದದ್ದು ಇದೇ ಸಾಫ್ಟ್‌ವೇರ್. ಹಾಗಾಗಿ ಸ್ಪಿರಿಟ್ ಕಲಿಸಿದ ಪಾಠ ಅದಕ್ಕೂ ಸಿಕ್ಕಿತು.

90 ಸೋಲ್‌ಗೆ ಅಂತ ಹೋದ ಸ್ಪಿರಿಟ್ ಆರು ವರ್ಷ ಬದುಕಿತು. ಕೊನೆಯ ಸಂಪರ್ಕ 2010ರ ಮಾರ್ಚ್ 22. ಆಪರ್ಚುನಿಟಿ 2018ರವರೆಗೆ ಓಡಿ 45 ಕಿಲೋಮೀಟರ್ ದಾಟಿತು.

ನಮಗೇನು?

ಲ್ಯಾಬ್‌ನಲ್ಲಿ ಮ್ಯಾಲಕ್ ಬರೆದ ಮೇಲೆ ನಲ್ ಬಂತಾ ಅಂತ ಚೆಕ್ ಮಾಡೋರು ನಮ್ಮಲ್ಲಿ ಎಷ್ಟು ಜನ? ನಾನಂತೂ ಮಾಡ್ತಿರಲಿಲ್ಲ. ಪ್ರೋಗ್ರಾಮ್ ಎರಡು ಸೆಕೆಂಡ್ ಓಡಿ ಔಟ್‌ಪುಟ್ ಕೊಟ್ಟರೆ ರೆಕಾರ್ಡ್‌ಗೆ ಸೈನ್ ಸಿಗುತ್ತೆ. ಸ್ಪಿರಿಟ್‌ನ ಕೋಡ್ ಕೂಡ ಮೊದಲ ದಿನ ಸರಿಯಾಗೇ ಓಡಿತ್ತು, ಹತ್ತನೇ ದಿನವೂ ಓಡಿತ್ತು. ಬಿದ್ದಿದ್ದು 18ನೇ ದಿನ.

ಹಾಗಾಗಿ ಮುಂದಿನ ಮಿನಿ ಪ್ರಾಜೆಕ್ಟ್‌ನಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಮೆಮೊರಿ ಸಿಗದಿದ್ದರೆ ನನ್ನ ಕೋಡ್ ಏನು ಮಾಡುತ್ತೆ? ಇದನ್ನು ಒಂದು ವಾರ ಆಫ್ ಮಾಡದೆ ಬಿಟ್ಟರೆ ಏನಾಗುತ್ತೆ? ಎಲ್ಲ ಕೆಟ್ಟ ಮೇಲೂ ಒಳಗೆ ಹೋಗಲು ಒಂದು ಚಿಕ್ಕ ಬಾಗಿಲು ಬಿಟ್ಟಿದ್ದೀನಾ? ತಪ್ಪೇ ಇಲ್ಲದ ಕೋಡ್ ನಾಸಾದವರಿಗೂ ಬರೆಯೋಕೆ ಆಗಲಿಲ್ಲ. ಸ್ಪಿರಿಟ್ ಅನ್ನು ಉಳಿಸಿದ್ದು ಮೂರನೇ ಪ್ರಶ್ನೆಗೆ ಅವರ ಹತ್ತಿರ ಮೊದಲೇ ಇದ್ದ ಉತ್ತರ.