ಬನ್ನೂರು ಕುರಿಗೆ ಹಾರ್ಮೋನಿನ ನೆರವು

ಭಾಂಡುಪಿನ ನಮ್ಮವರಲ್ಲಿ ಊರಿನ ಕಡೆ ಕುರಿ ಸಾಕುವ ಬಂಧುಗಳುಳ್ಳವರು ಹಲವರಿದ್ದಾರೆ. ಚುಚ್ಚುಮದ್ದು ಕೊಟ್ಟರೆ ಒಂದೇ ಕುರಿಯಿಂದ ಹತ್ತು ಮರಿ ಪಡೆಯಬಹುದಂತೆ, ನಿಜವೇ ಎಂಬುದು ಅವರ ಪ್ರಶ್ನೆ. ಮಾತಿನಲ್ಲಿ ನಿಜವುಂಟು, ಆದರೆ ಹತ್ತೂ ಒಂದೇ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ.

ಕುರಿ ಸುಮಾರು 17 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಪ್ರತಿ ಸಲವೂ ಅಂಡಾಶಯದಲ್ಲಿ ಅಂಡಗಳನ್ನು ಹೊತ್ತ ಹಲವು ಚಿಕ್ಕ ಗುಳ್ಳೆಗಳು ಬೆಳೆಯತೊಡಗುತ್ತವೆ. ಇವುಗಳನ್ನು ಪೋಷಿಸುವ ಹಾರ್ಮೋನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರತಕ್ಕದ್ದು. ಮುಂದೆ ಹೋದ ಗುಳ್ಳೆ ಆ ಹಾರ್ಮೋನಿನ ಸ್ರಾವವನ್ನೇ ತಗ್ಗಿಸುವುದರಿಂದ ಉಳಿದವು ಬಾಡಿಹೋಗುತ್ತವೆ. ಹೀಗೆ ಬಾಡಬೇಕಾದವನ್ನು ಹೊರಗಿನಿಂದ ಪೋಷಣೆ ಕೊಟ್ಟು ಉಳಿಸುವುದೇ ಈ ಚಿಕಿತ್ಸೆಯ ಗುಟ್ಟು.

ಮೊದಲು ಪ್ರೊಜೆಸ್ಟರೋನ್ ಜಾತಿಯ ಹಾರ್ಮೋನು ತುಂಬಿದ ಸ್ಪಂಜನ್ನು ಕುರಿಯ ಯೋನಿಯಲ್ಲಿ 12ರಿಂದ 14 ದಿನ ಇರಿಸುತ್ತಾರೆ. ಅದಿರುವ ತನಕ ಬೆದೆ ತಡೆದಿರುತ್ತದೆ; ತೆಗೆದ ಒಂದೆರಡು ದಿನಗಳಲ್ಲಿ ಹೆಚ್ಚಿನ ಕುರಿಗಳು ಜೊತೆಯಾಗಿಯೇ ಬೆದೆಗೆ ಬರುತ್ತವೆ. 1960ರ ದಶಕದಲ್ಲಿ ಇದನ್ನು ಬಳಕೆಗೆ ತಂದವರು ಆಸ್ಟ್ರೇಲಿಯದ ಟಿ. ಜೆ. ರಾಬಿನ್ಸನ್. ಸ್ಪಂಜು ತೆಗೆಯುವ ಹೊತ್ತಿನ ಆಸುಪಾಸಿನಲ್ಲಿ, ಎಫ್.ಎಸ್.ಹೆಚ್. ಎಂಬ ಹಾರ್ಮೋನನ್ನು ಹನ್ನೆರಡು ಗಂಟೆಗೊಮ್ಮೆ, ಪ್ರಮಾಣ ಇಳಿಸುತ್ತ, ಮೂರು ನಾಲ್ಕು ದಿನ ಚುಚ್ಚುತ್ತಾರೆ. ಇದು ರಕ್ತದಿಂದ ಬೇಗ ಕರಗಿಹೋಗುವುದರಿಂದ ಇಷ್ಟು ಸಲ ಚುಚ್ಚಬೇಕು. ಗಬ್ಬದ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನಾದರೆ ಒಂದೇ ಚುಚ್ಚು ಸಾಕು. ಆದರೆ ಅದು ದಿನಗಟ್ಟಲೆ ರಕ್ತದಲ್ಲಿ ನಿಂತು, ಅಂಡಗಳು ಹೊರಬಿದ್ದ ಮೇಲೂ ಅಂಡಾಶಯವನ್ನು ಕೆಣಕುತ್ತಿರುತ್ತದೆ. ಭ್ರೂಣಗಳು ಕೆಡುವ ಭಯವುಂಟು. ಅಗ್ಗದ ದಾರಿ ಯಾವಾಗಲೂ ಅಗ್ಗವಲ್ಲ, ನೋಡಿ!

ಟಗರು ಕೂಡಿದ ಆರೇಳು ದಿನಗಳಿಗೆ ಭ್ರೂಣಗಳನ್ನು ತೊಳೆದು ತೆಗೆಯುತ್ತಾರೆ. ಹಸುವಿನಲ್ಲಿ ಇದಕ್ಕೆ ಕತ್ತಿ ಬೇಡ. ಕುರಿಯ ಗರ್ಭಕಂಠ ಸೊಟ್ಟ ಸೊಟ್ಟ ಬಳೆಗಳಂತಿರುವುದರಿಂದ ಸಾಮಾನ್ಯವಾಗಿ ಮೈಮರೆವಿನ ಮದ್ದು ಕೊಟ್ಟು ಹೊಟ್ಟೆ ಕೊಯ್ಯಬೇಕು. ಒಳಗೆ ಗಾಯದ ಅಂಟು ಕಟ್ಟಿಕೊಳ್ಳುವುದರಿಂದ ಒಂದೇ ಕುರಿಗೆ ಇದನ್ನು ಬಹಳ ಸಲ ಮಾಡುವಂತಿಲ್ಲ. ಸಿಕ್ಕ ಭ್ರೂಣಗಳನ್ನು, ಅದೇ ಸ್ಪಂಜಿನಿಂದ ಬೆದೆ ಹೊಂದಿಸಿದ ಬೇರೆ ಕುರಿಗಳ ಗರ್ಭದಲ್ಲಿ ಇಡುತ್ತಾರೆ. ಒಂದೇ ಮದ್ದಿಗೆ ಒಂದು ಕುರಿ ಹತ್ತು ಭ್ರೂಣ ಕೊಟ್ಟರೆ ಪಕ್ಕದ ಕುರಿ ಒಂದನ್ನೂ ಕೊಡದಿರಬಹುದು.

ಇಷ್ಟು ಖರ್ಚು ಯಾರಿಗೆ ಸಲ್ಲುತ್ತದೆ? ಗಿಡ್ಡ ಕಾಲಿನ, ತುಂಬಿದ ತೊಡೆಯ ನಮ್ಮ ಬನ್ನೂರು ಕುರಿ ಮಂಡ್ಯ, ಮಳವಳ್ಳಿ ಕಡೆಗಳಲ್ಲಿ ಬೇರೆ ತಳಿಗಳೊಡನೆ ಬೆರೆತು ವಿರಳವಾಗುತ್ತಿದೆ. ಶುದ್ಧ ಕುರಿಗಳು ಉಳಿದಿರುವಾಗಲೇ ಅವುಗಳ ಭ್ರೂಣ ಪಡೆದು, ಸಾಧಾರಣ ಕುರಿಗಳಿಂದ ಹೆರಿಸಿ, ಕೆಲವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಕಾಪಿಡಬಹುದು. ಇದಕ್ಕಾಗಿ ಸರ್ಕಾರ ಹಣ ಹಾಕುವುದು ಯೋಗ್ಯವೆಂದೇ ನಮ್ಮ ಅಭಿಪ್ರಾಯ.

ಮಂದೆ ಹೊಡೆದುಕೊಂಡು ಊರೂರು ಅಲೆಯುವ ಕುರುಬರಿಗೆ ಈ ದಾರಿ ದೂರ. ಅವರಿಗೆ ಹತ್ತಿರವಾದುದನ್ನು ನಮ್ಮ ಸಾತಾರಾ ಜಿಲ್ಲೆಯ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆ ಮಾಡಿ ತೋರಿಸಿದೆ. ಬಂಗಾಳದ ಸುಂದರಬನದ ಗಾರೋಲ್ ಕುರಿಗೆ ಹೆಚ್ಚು ಅಂಡ ಬಿಡುವ ಗುಣ ಹುಟ್ಟಿನಿಂದಲೇ ಉಂಟು. ಅದರ ಕಾರಣವಾದ ಜೀನು 2001ರಲ್ಲಿ ಗುರುತಾಯಿತು. ಆ ಗುಣವನ್ನು ಅಲ್ಲಿ ದಖ್ಖನಿ ಕುರಿಗೆ ಬೆರೆಸಿದರು. ಜೀನಿನ ಒಂದು ಪ್ರತಿ ಪಡೆದ ಕುರಿ ಚುಚ್ಚುಮದ್ದಿಲ್ಲದೆ ಬಹಳ ಸಲ ಅವಳಿ ಈಯುತ್ತದೆ. ಅವಳಿಗೆ ಹಾಲು ಸಾಲಬೇಕಾದರೆ ಗಬ್ಬದ ಕೊನೆಯ ಒಂದೂವರೆ ತಿಂಗಳು ತಾಯಿಗೆ ಕಾಳು, ಹಿಂಡಿ ಬೇಕು. ಕೂಳೆ ಮೇಯ್ದು ಬದುಕುವ ಮಂದೆಯಲ್ಲಿ ಅದನ್ನು ಒದಗಿಸುವುದೇ ಕಷ್ಟ.