ಟೈಟ್ರೇಷನ್: ಬಣ್ಣ ಬರೋ ಮೊದಲೇ ಆಗುವ ತಪ್ಪುಗಳು

ಫಸ್ಟ್ ಇಯರ್ ಲ್ಯಾಬ್‌ನಲ್ಲಿ ನನ್ನ ಮೊದಲ ರೀಡಿಂಗ್ 10.5 ಮಿ.ಲೀ. ಪಕ್ಕದವನಿಗೆ 10.0. ಇಬ್ಬರದೂ ಅದೇ 0.1 ನಾರ್ಮಲ್ ಆಕ್ಸಾಲಿಕ್ ಆಸಿಡ್ 10 ಮಿ.ಲೀ., ಬ್ಯುರೆಟ್‌ನಲ್ಲಿ ಒಂದೇ ಬಾಟಲಿಯ ಸೋಡಿಯಂ ಹೈಡ್ರಾಕ್ಸೈಡ್. ನಾನು ಸುಮ್ಮನೆ ಅವನದನ್ನೇ ಬರೆದುಬಿಟ್ಟೆ. ಇಂಟರ್ನಲ್ಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸ್ಟ್ರೆಂತ್ ಕೊಟ್ಟರು. ಅಲ್ಲಿ ನೋಡಿ ಬರೆಯೋಕೆ ಯಾರೂ ಇರಲಿಲ್ಲ, ಮಾರ್ಕ್ಸ್ ಹೋಯ್ತು.

ಬಣ್ಣ ಜಾಸ್ತಿ ಬಂದಿರಬೇಕು ಅಂದ್ಕೊಂಡಿದ್ದೆ. ಆದರೆ ತಪ್ಪು ಇದ್ದದ್ದು ಬ್ಯುರೆಟ್‌ನ ಮೂತಿಯಲ್ಲಿ. ನಲ್ಲಿಯ ಕೆಳಗೆ ಗಾಳಿಗುಳ್ಳೆ ಕೂತಿರುತ್ತೆ. ಟೈಟ್ರೇಷನ್ ಮಧ್ಯೆ ಅದು ಹೊರಗೆ ಹೋದರೆ ಆ ಜಾಗ ತುಂಬೋಕೆ ದ್ರಾವಣ ಇಳಿಯುತ್ತೆ. ಫ್ಲಾಸ್ಕಿಗೆ ಬೀಳದಿದ್ದರೂ ಸ್ಕೇಲಿನಲ್ಲಿ ಲೆಕ್ಕಕ್ಕೆ ಬರುತ್ತೆ. 0.1 × 10 ÷ 10.5 ಮಾಡಿ ನೋಡಿ: 0.1 ಬರಬೇಕಾದ ಕಡೆ ಸುಮಾರು 0.095. ಅದಕ್ಕೇ ಶುರು ಮಾಡೋ ಮೊದಲು ನಲ್ಲಿ ಪೂರ್ತಿ ತಿರುಗಿಸಿ ಜೋರಾಗಿ ಸ್ವಲ್ಪ ಹರಿಸಿಬಿಡಿ. ಫನೆಲ್ ತೆಗೆಯೋದು ಮರೀಬೇಡಿ, ಅದರಿಂದ ಬೀಳೋ ಹನಿಯೂ ರೀಡಿಂಗ್ ಕೆಡಿಸುತ್ತೆ.

ಇನ್ನು ತೊಳೆಯೋ ವಿಷಯ. ಬ್ಯುರೆಟ್, ಪಿಪೆಟ್ ಎರಡನ್ನೂ ನೀರಿನಿಂದ ತೊಳೆದ ಮೇಲೆ ಅದರಲ್ಲಿ ತುಂಬುವ ದ್ರಾವಣದಿಂದಲೇ ಮತ್ತೆ ತೊಳೀಬೇಕು, ಇಲ್ಲದಿದ್ದರೆ ಒಳಗುಳಿದ ನೀರು ದ್ರಾವಣವನ್ನು ತೆಳು ಮಾಡುತ್ತೆ. ಕೋನಿಕಲ್ ಫ್ಲಾಸ್ಕ್ ಮಾತ್ರ ಉಲ್ಟಾ: ಬರೀ ಡಿಸ್ಟಿಲ್ಡ್ ವಾಟರ್ ಸಾಕು. ಅದನ್ನು ಆಸಿಡ್‌ನಿಂದ ತೊಳೆದರೆ 10 ಮಿ.ಲೀ.ಗಿಂತ ಹೆಚ್ಚು ಆಸಿಡ್ ಸೇರಿಹೋಗುತ್ತೆ. ಫ್ಲಾಸ್ಕಿನಲ್ಲಿ ನೀರು ಉಳಿದರೆ ತೊಂದರೆಯಿಲ್ಲ, ಆಸಿಡ್‌ನ ಒಟ್ಟು ಪ್ರಮಾಣ ಬದಲಾಗಲ್ಲವಲ್ಲ. ವೈವಾದಲ್ಲಿ ಇದನ್ನು ಕೇಳೇ ಕೇಳ್ತಾರೆ! ಪಿಪೆಟ್ ತುದಿಯಲ್ಲಿ ಉಳಿಯೋ ಕೊನೆ ಹನಿಯನ್ನು ಊದಬೇಡಿ, ಅದನ್ನು ಬಿಟ್ಟೇ ಪಿಪೆಟ್‌ನ ಅಳತೆ ಗುರುತು ಹಾಕಿರ್ತಾರೆ.

ಫಿನಾಲ್ಫ್ತಲೀನ್ ಎರಡು ಹನಿ ಸಾಕು. ಪಿಂಕ್ ಬಂದು ಬಂದು ಮಾಯವಾಗೋದು ನಿಧಾನವಾದಾಗ ಒಂದೊಂದೇ ಹನಿ ಬಿಡಿ. ಒಂದು ಹನಿ ಅಂದರೆ ಸುಮಾರು 0.05 ಮಿ.ಲೀ. ಕೆಳಗೆ ಬಿಳಿ ಹಾಳೆ ಇಟ್ಟರೆ ತಿಳಿ ಗುಲಾಬಿ ಬೇಗ ಕಾಣುತ್ತೆ. ಅರ್ಧ ನಿಮಿಷ ನಿಂತರೆ ಅದೇ ಎಂಡ್ ಪಾಯಿಂಟ್. ಆಮೇಲೆ ಬಣ್ಣ ಹೋದರೆ ಇನ್ನೊಂದು ಹನಿ ಹಾಕೋಕೆ ಹೋಗಬೇಡಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಹಾಗಾಗುತ್ತೆ. ರೀಡಿಂಗನ್ನು ಕಣ್ಣಿನ ಮಟ್ಟಕ್ಕೆ ತಂದು, ಮೆನಿಸ್ಕಸ್‌ನ ಕೆಳಗಿನ ಅಂಚು ನೋಡಿ ಓದಿ.

ಎರಡು ರೀಡಿಂಗ್ 0.1ರೊಳಗೆ ಹೊಂದುವವರೆಗೆ ಮತ್ತೆ ಮಾಡಿ. ಮುಗಿದ ಮೇಲೆ ಬ್ಯುರೆಟ್ ತೊಳೆದಿಡಿ. ಸೋಡಿಯಂ ಹೈಡ್ರಾಕ್ಸೈಡ್ ಹಾಗೇ ಬಿಟ್ಟರೆ ಗಾಜಿನ ನಲ್ಲಿ ಕಚ್ಚಿಕೊಳ್ಳುತ್ತೆ, ಮುಂದಿನ ಬ್ಯಾಚಿನವರು ಬೈಕೋತಾರೆ.